ತುದಿಗೆ ಹೋಗುವ ಸರಕು

ಸ್ಫಾಕ್ಸ್ ಬಂದರಿನಲ್ಲಿ ನಾಲ್ಕೂವರೆಯ ಫೆರ್ರಿ.
ಸಿಮೆಂಟು ಲಾರಿ ಒಂದು, ಕುರಿ ತುಂಬಿದ ವ್ಯಾನು,
ಯಾರದೋ ಮದುವೆಗೆ ಹೊರಟ ಕನ್ನಡಿಯ ಬೀರು,
ಅದರೊಳಗೆ ಅಲುಗುವ ನಾವಿಬ್ಬರು.
ಇವತ್ತು ನಿನಗೆ ರಜೆ. ಆದರೂ ಕೈ ಸುಮ್ಮನಿರದೆ
ಹುಡುಗನಿಂದ ಹಗ್ಗ ಇಸಿದುಕೊಂಡು ಸುತ್ತುತ್ತೀಯ.
ಕಾಗದ ನನ್ನ ಚೀಲದಲ್ಲಿ, ನಾಲ್ಕು ಮಡಿಕೆ.

ಡಾಕ್ಟರ್ ಉಲ್ಫಾ ಪರದೆಯ ಮೇಲೆ ತೋರಿಸಿದಳು:
ಗಿಡ್ಡ ಬಾಲದವು, ಸುರುಳಿ ಸುತ್ತಿಕೊಂಡವು,
ಬಾಲವೇ ಇಲ್ಲದ ಬರಿ ತಲೆಗಳು,
ಹೋಗಬೇಕಾದ ಊರು ಗೊತ್ತಿದ್ದೂ ಕಾಲಿಲ್ಲದವು.
"ಬಾಲ ಬೆಳೆಯುವುದು ಬುಡದಲ್ಲಲ್ಲ, ತುದಿಯಲ್ಲಿ" ಎಂದಳು.
"ಇಟ್ಟಿಗೆ ಗಾರೆ ಎಲ್ಲ ಬುಡದಿಂದ ಹೊತ್ತು
ತುದಿಗಿಳಿಸಿ ಮರಳುವ ಸಾಗಣೆಯೊಂದಿದೆ ಒಳಗೆ.
ಆ ಜೀನಿನಲ್ಲಿ ಒಂದಕ್ಷರ ತಪ್ಪು.
ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ,
ಎರಡರಲ್ಲೂ ಅದೇ ತಪ್ಪು.
ಹೇಗೆ ಹೇಳಲಿ... ದ್ವೀಪಕ್ಕೆ ಫೆರ್ರಿ ನಿಂತುಹೋದ ಹಾಗೆ."

ಅವಳಿಗೆ ನಿನ್ನ ಕೆಲಸ ಗೊತ್ತಿರಲಿಲ್ಲ, ಲಸ್ಸಾದ್.
ನೀನು ನಕ್ಕುಬಿಟ್ಟೆ.
ಹತ್ತೊಂಬತ್ತು ವರ್ಷ ಒಂದು ಮೂಟೆ ತಪ್ಪಿಸದವನು.

"ಕತ್ತಲಲ್ಲಿ ಕಣ್ಣು ಕಾಣುತ್ತದಾ? ಕಿಡ್ನಿ ಸರಿಯಿದೆಯಾ?"
ಅಂಥದೇ ಸಾಗಣೆ ಅಲ್ಲೂ ಉಂಟಂತೆ.
ಅಮಾವಾಸ್ಯೆಯಲ್ಲಿ ಆಕ್ಟೋಪಸ್ ಹಿಡಿಯುವವನಿಗೆ ಈ ಪ್ರಶ್ನೆ!
ಕಾಣುತ್ತದೆ ಎಂದೆ ನೀನು. ಆಮೇಲೆ ತಡವಾಗಿ,
ಬಹಳ ತಡವಾಗಿ, "ನನ್ನ ತಮ್ಮನಿಗೂ ಮಕ್ಕಳಿಲ್ಲ."

ಎಂಟು ವರ್ಷ ನಾನು ಕುಡಿದ ಕಷಾಯದ ಲೆಕ್ಕ ಯಾರಿಟ್ಟಿದ್ದಾರೆ?
ಮೆಂತ್ಯ, ಸೋಂಪು, ಹೆಸರು ಹೇಳದ ಕಪ್ಪು ಬೇರು,
ದರ್ಗಾದ ಗೋಡೆಗೆ ಒತ್ತಿದ ಗೋರಂಟಿ ಅಂಗೈ,
ಹೊಟ್ಟೆಯ ಮೇಲೆ ಬಿಸಿ ಮರಳಿನ ಚೀಲ.
ನಿನ್ನಮ್ಮನ ಬಾಯಲ್ಲಿ ಆ ಮಾತಿಗೆ
ಹೆಣ್ಣುರೂಪವಷ್ಟೇ ಇತ್ತು.
ಆಕೆಯೂ ಮಾವನೂ ಅಣ್ಣತಮ್ಮಂದಿರ ಮಕ್ಕಳು,
ಒಂದೇ ಬಾವಿಯ ನೀರು ಎಂದು ಬೀಗಿದವರು.
ಆ ಬಾವಿಯತ್ತ ಈಗ ಬೆರಳು ತೋರಲು
ನನಗೆ ಮನಸ್ಸಿಲ್ಲ. ಇಲ್ಲ ಎಂಬುದೂ ಪೂರ್ತಿ ನಿಜವಲ್ಲ:
ಶುಕ್ರವಾರ ಕೂಸ್‌ಕೂಸ್ ಬಡಿಸುತ್ತಾ ಹೇಳುವ ಮಾತೊಂದನ್ನು
ಎಷ್ಟೋ ರಾತ್ರಿ ಒಳಗೇ ಮಸೆದಿಟ್ಟಿದ್ದೇನೆ.

ಸೂಜಿಯ ದಾರಿಯೊಂದಿದೆ, ಎಂದಳು ಉಲ್ಫಾ.
ಈಜಲಾರದ್ದನ್ನು ಎತ್ತಿ ನೇರ ಅಂಡದೊಳಗಿಡುವುದು.
ಆಗಬಹುದು. ಆಗದಿರಲೂಬಹುದು.
ಖರ್ಚು ಹೇಳಿದಾಗ ನೀನು ಕಿಟಕಿ ನೋಡಿದೆ,
ನಾನು ನಿನ್ನ ಚಿಕ್ಕ ದೋಣಿಗೆ ಬೆಲೆ ಕಟ್ಟಿದೆ.

ಕೆರ್ಕೆನ್ನಾ ಕಾಣುವುದೇ ತಡ. ಅಷ್ಟು ಚಪ್ಪಟೆ.
ಮೊದಲು ಖರ್ಜೂರದ ತಲೆಗಳು ನೀರ ಮೇಲೆ,
ನೆಲ ಆಮೇಲೆ.
ಮೊಣಕಾಲುದ್ದದ ಕಡಲಲ್ಲಿ ಗರಿಯ ಬೇಲಿ,
ತಳದಲ್ಲಿ ಹಗ್ಗಕ್ಕೆ ಕಟ್ಟಿದ ಮಣ್ಣಿನ ಗಡಿಗೆಗಳು.
ಎರೆಯಿಲ್ಲ, ಗಾಳವಿಲ್ಲ.
ಖಾಲಿ ಇಟ್ಟರೆ ಸಾಕು, ಎಂದಿದ್ದೆ ನೀನು ಮದುವೆಯಾದ ಹೊಸತರಲ್ಲಿ,
ಮನೆ ಬೇಕಾದದ್ದು ತಾನೇ ಬರುತ್ತದೆ.
ಬರದಿದ್ದರೆ? ಕೇಳಿದ್ದೆ ನಾನು.
ಪಾಚಿ ಉಜ್ಜಿ ಮತ್ತೆ ಇಳಿಸುವುದು.

ಸಿದಿ ಯೂಸುಫ್ ಕಟ್ಟೆಯಲ್ಲಿ ನಿನ್ನಮ್ಮ,
ಕೈಯಲ್ಲಿ ನನಗೆಂದು ಇನ್ನೊಂದು ಸೀಸೆ.
ನಾನು ಚೀಲಕ್ಕೆ ಕೈ ಹಾಕುವ ಮೊದಲೇ
ಹಗ್ಗ ಹುಡುಗನಿಗೆ ಕೊಟ್ಟು ನೀನು ಮುಂದೆ ನಡೆದೆ.
ಏನು ಹೇಳಿದೆಯೋ, ಎಂಜಿನ್ ಸದ್ದಿಗೆ ಕೇಳಲಿಲ್ಲ.
ಕಂಡದ್ದಿಷ್ಟು: ಆಕೆಯ ಕೈ ಗಾಳಿಯಲ್ಲೇ ನಿಂತಿತು,
ನೀನು ಆ ಸೀಸೆ ತೆಗೆದುಕೊಂಡು ಮುಚ್ಚಳ ತಿರುಗಿಸಿ
ಗಟಗಟನೆ ಕುಡಿದು, ಮುಖ ಕಿವಿಚಿ,
ಇಷ್ಟು ಕಹಿಯಾ ಎಂಬಂತೆ
ನನ್ನ ಕಡೆ ತಿರುಗಿದೆ.

ಹಿಂದಿನಿಂದ ಸಿಮೆಂಟು ಲಾರಿ
ದಾರಿ ಬಿಡಿ ಎಂದು ಹಾರ್ನ್ ಹೊಡೆಯುತ್ತಿತ್ತು.